ಆ ಮಾತು ನಿಜಕ್ಕೂ ಯಾರದ್ದು? ಪ್ರಸಿದ್ಧ ಹೇಳಿಕೆಗಳ ಮೂಲ ಹುಡುಕುವ ಬಗೆ, ಹಂತ ಹಂತವಾಗಿ

"ಗಾಂಧೀಜಿ ಹೀಗೆ ಹೇಳಿದ್ದಾರಂತೆ, ನಿಜಾನಾ?" ಎಂದು ಕೇಳುವವರು ಬಹಳ. ನೀವೇ ಒಮ್ಮೆ ಹುಡುಕಿ ನೋಡಿ ಎಂದರೆ ಅರ್ಧ ಗಂಟೆಯಲ್ಲಿ ಉತ್ತರ ಬರುತ್ತದೆ: "ಹುಡುಕಿದೆ, ಎಲ್ಲ ಕಡೆ ಅವರ ಹೆಸರೇ ಇದೆ. ಹಾಗಾದ್ರೆ ಅವರದ್ದೇ." ಎಡವುವುದು ಇಲ್ಲೇ. ಒಬ್ಬರು ಬರೆದದ್ದನ್ನು ನೂರು ಜನ ನಕಲು ಮಾಡಿದರೆ ಸಾಕ್ಷಿ ನೂರಾಗುವುದಿಲ್ಲ, ಒಂದಾಗಿಯೇ ಉಳಿಯುತ್ತದೆ. ಆ ಒಬ್ಬರು ಯಾರು ಎಂಬುದೂ ಗೊತ್ತಿರುವುದಿಲ್ಲ.

ಸೋಲುವವರು ಕಡಿಮೆ ಕಷ್ಟಪಟ್ಟಿರುವುದಿಲ್ಲ. ಹೆಜ್ಜೆಗಳ ಕ್ರಮ ತಪ್ಪಿರುತ್ತದೆ ಅಷ್ಟೆ. ಹೆಸರು ಹಿಡಿದು ಹೊರಡುತ್ತಾರೆ, ಆದರೆ ಮೊದಲು ಹಿಡಿಯಬೇಕಾದ್ದು ಮಾತನ್ನು. ಹಾಗಾಗಿ ಇಲ್ಲಿ ಕ್ರಮವನ್ನೇ ಬಿಡಿಸಿ ಹೇಳುತ್ತೇನೆ. ಉದಾಹರಣೆಗೆ ಮುಖ್ಯವಾಗಿ ಎರಡು ಮಾತು ಇಟ್ಟುಕೊಳ್ಳೋಣ. ಒಂದು, ಬ್ಯಾಂಕುಗಳ ಗೋಡೆಯ ಮೇಲೆ ಗಾಂಧೀಜಿ ಹೆಸರಿನಲ್ಲಿ ತೂಗುವ "ಗ್ರಾಹಕರು" ಬೋರ್ಡು. ಇನ್ನೊಂದು, "ಕಾಯಕವೇ ಕೈಲಾಸ".

ಶುರು ಮಾಡುವ ಮುನ್ನ

ಒಂದು ನೋಟ್‌ಬುಕ್ ಬೇಕು. ಪುಟಕ್ಕೆ ನಾಲ್ಕು ಅಂಕಣ: ಮಾತು, ಹೇಳಿದವರೆಂದು ಕೊಟ್ಟ ಹೆಸರು, ವರ್ಷ, ಪುಸ್ತಕ ಮತ್ತು ಪುಟ. ನಾಲ್ಕನೆಯ ಅಂಕಣ ಖಾಲಿ ಇದ್ದರೆ ಆ ಸಾಲಿಗೆ ಬೆಲೆ ಇಲ್ಲ.

ಹುಡುಕಲು ಗೂಗಲ್ ಬುಕ್ಸ್, ಇಂಟರ್ನೆಟ್ ಆರ್ಕೈವ್, ಹಾಥಿಟ್ರಸ್ಟ್ ಸಾಕು. ಮೂರೂ ಪುಸ್ತಕದ ಒಳಗಿನ ಪಠ್ಯ ಹುಡುಕಿಕೊಡುತ್ತವೆ. ಗಾಂಧೀಜಿ ವಿಷಯಕ್ಕೆ ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿ 100 ಸಂಪುಟಗಳ ಸಮಗ್ರ ಕೃತಿ ಇದೆ. ವಚನಗಳಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ 15 ಸಂಪುಟಗಳ 'ಸಮಗ್ರ ವಚನ ಸಂಪುಟ' ಮತ್ತು ಪದ ಕೊಟ್ಟು ಹುಡುಕಬಹುದಾದ 'ವಚನ ಸಂಚಯ' ಜಾಲತಾಣ. ಹಳೆಯ ಪದ ಬಂದರೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು. ಆ ನಿಘಂಟು ಅರ್ಥದ ಜೊತೆಗೆ ಪದ ಯಾವ ಕೃತಿಯಲ್ಲಿ ಬಂದಿದೆ ಎಂದೂ ಕೊಡುತ್ತದೆ. ಅದಕ್ಕೇ ಅದು ನಮ್ಮ ಕೆಲಸಕ್ಕೆ ಬಂಗಾರ.

ಹಂತ 1: ಮಾತನ್ನು ಇದ್ದ ಹಾಗೇ ಬರೆದುಕೊಳ್ಳಿ

ನೆನಪಿನಿಂದ ಬರೆಯಬೇಡಿ. ಬೋರ್ಡಿದ್ದರೆ ಫೋಟೊ ತೆಗೆಯಿರಿ, ವಾಟ್ಸಾಪ್‌ನಲ್ಲಿ ಬಂದಿದ್ದರೆ ನಕಲು ಮಾಡಿಟ್ಟುಕೊಳ್ಳಿ. ಬ್ಯಾಂಕಿನ ಬೋರ್ಡಿನ ಸಾರ ಹೀಗಿರುತ್ತದೆ: ಗ್ರಾಹಕರು ನಮ್ಮ ಆವರಣಕ್ಕೆ ಬರುವ ಅತಿ ಮುಖ್ಯ ಅತಿಥಿ. ಅವರು ನಮ್ಮನ್ನು ಅವಲಂಬಿಸಿಲ್ಲ, ನಾವು ಅವರನ್ನು ಅವಲಂಬಿಸಿದ್ದೇವೆ. ಅವರು ನಮ್ಮ ಕೆಲಸಕ್ಕೆ ಅಡ್ಡಿಯಲ್ಲ, ನಮ್ಮ ಕೆಲಸದ ಉದ್ದೇಶವೇ ಅವರು. ಕೊನೆಗೆ: ಮಹಾತ್ಮ ಗಾಂಧಿ.

ಇನ್ನೂ ಎರಡು ಮೂರು ಕಡೆ ಇದೇ ಮಾತನ್ನು ನೋಡಿ ಪಕ್ಕಪಕ್ಕ ಬರೆಯಿರಿ. ಒಂದರಲ್ಲಿ 'ಅತಿಥಿ', ಇನ್ನೊಂದರಲ್ಲಿ 'ಸಂದರ್ಶಕ', ಮತ್ತೊಂದರಲ್ಲಿ ಕೊನೆಯ ಸಾಲೇ ಇಲ್ಲ. ಎಲ್ಲದರಲ್ಲೂ ಬದಲಾಗದೆ ಉಳಿದದ್ದೇ ಆ ಮಾತಿನ ಎಲುಬು. ಇಲ್ಲಿ ಅದು "ಅಡ್ಡಿಯಲ್ಲ, ಉದ್ದೇಶ" ಎಂಬ ಜೋಡಿ. ಮುಂದೆ ಹುಡುಕುವುದು ಇದನ್ನೇ.

ಹಂತ 2: ಮಾತು ಹುಟ್ಟಿದ ಭಾಷೆ ಯಾವುದು?

ಕನ್ನಡದಲ್ಲಿ ಬಂದ ಮಾತನ್ನು ಕನ್ನಡದಲ್ಲೇ ಹುಡುಕಿದರೆ ಕನ್ನಡದ ನಕಲುಗಳಷ್ಟೇ ಸಿಗುತ್ತವೆ. ಗಾಂಧೀಜಿ ಬರೆದದ್ದು ಗುಜರಾತಿ, ಹಿಂದಿ, ಇಂಗ್ಲಿಷ್‌ನಲ್ಲಿ. ಬೋರ್ಡಿನ ಮಾತನ್ನು ಇಂಗ್ಲಿಷ್‌ಗೆ ತಿರುಗಿಸಿ ಇಂಗ್ಲಿಷ್ ಅಕ್ಷರದಲ್ಲೇ ಹುಡುಕಬೇಕು.

ಕೆಲವು ಮಾತುಗಳಿಗೆ ಎರಡು ಮೆಟ್ಟಿಲು ಇರುತ್ತವೆ. "ಏಳಿ, ಎದ್ದೇಳಿ, ಗುರಿ ಮುಟ್ಟುವ ತನಕ ನಿಲ್ಲದಿರಿ" ವಿವೇಕಾನಂದರದ್ದು ಎನ್ನುತ್ತೇವೆ. ಅವರು ಇದನ್ನು ಇಂಗ್ಲಿಷ್‌ನಲ್ಲಿ ಮತ್ತೆ ಮತ್ತೆ ಹೇಳಿದ್ದು ನಿಜ. ಅದರ ಹಿಂದೆ ಕಠೋಪನಿಷತ್ತಿನ "ಉತ್ತಿಷ್ಠತ ಜಾಗ್ರತ ಪ್ರಾಪ್ಯ ವರಾನ್ ನಿಬೋಧತ" ಇದೆ. ಮೂಲದಲ್ಲಿರುವುದು ಎದ್ದೇಳಿ, ಎಚ್ಚರಾಗಿ, ಬಲ್ಲವರ ಬಳಿ ಹೋಗಿ ತಿಳಿದುಕೊಳ್ಳಿ ಎಂದು. 'ಗುರಿ ಮುಟ್ಟುವ ತನಕ' ಎಂಬುದು ವಿವೇಕಾನಂದರು ಕೊಟ್ಟ ರೂಪ. ಇಂಥ ಕಡೆ ಒಂದೇ ಹೆಸರು ಹಾಕಿ ಮುಗಿಸಿದರೆ ಅರ್ಧ ಮಾತ್ರ ಹೇಳಿದ ಹಾಗೆ.

ಹಂತ 3: ದಿನಾಂಕದ ಲೆಕ್ಕ ಹಾಕಿ

ಇದು ಹತ್ತು ನಿಮಿಷದ ಕೆಲಸ. ಆದರೂ ಜಾಸ್ತಿ ಜನ ಬಿಡುವುದು ಇದನ್ನೇ. ಮಾತಿನ ಜೊತೆ ಊರು, ವರ್ಷ ಕೊಟ್ಟಿದ್ದರೆ ಆ ದಿನ ಆ ವ್ಯಕ್ತಿ ಎಲ್ಲಿದ್ದರು ಎಂದು ನೋಡಿ.

ಬೋರ್ಡಿನ ಮಾತನ್ನು ಗಾಂಧೀಜಿ 1890ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಭಾಷಣ ಮಾಡುವಾಗ ಹೇಳಿದರು ಎಂದು ಹಲವು ಕಡೆ ಬರೆದಿರುತ್ತಾರೆ. 1888ರಿಂದ 1891ರ ಜೂನ್‌ವರೆಗೆ ಅವರು ಲಂಡನ್‌ನಲ್ಲಿ ಕಾನೂನು ಓದುತ್ತಿದ್ದ ಹುಡುಗ. ದಕ್ಷಿಣ ಆಫ್ರಿಕಾಕ್ಕೆ ಕಾಲಿಟ್ಟದ್ದು 1893ರಲ್ಲಿ. ಸಮಗ್ರ ಕೃತಿಯ ಮೊದಲ ಸಂಪುಟ ತೆರೆದರೆ ಆ ಕಾಲದ ಬರಹ ಕಣ್ಣಿಗೇ ಕಾಣುತ್ತದೆ. 1891ರಲ್ಲಿ 'ದಿ ವೆಜಿಟೇರಿಯನ್' ಪತ್ರಿಕೆಗೆ ಭಾರತದ ಸಸ್ಯಾಹಾರಿಗಳ ಬಗ್ಗೆ ಬರೆದ ಲೇಖನಗಳು ಅಲ್ಲಿವೆ. ಅಂಗಡಿ, ಗ್ರಾಹಕರ ಮಾತಿಲ್ಲ.

ಇನ್ನೊಂದು ಕಥೆ ಭಾರತದಲ್ಲಿ ಇಂಗ್ಲಿಷ್ ಶಿಕ್ಷಣಕ್ಕೆ ವಾದಿಸಿದ ಬ್ರಿಟಿಷ್ ಅಧಿಕಾರಿ ಮೆಕಾಲೆಯದ್ದು. "ಭಾರತದ ಉದ್ದಗಲ ಓಡಾಡಿದೆ, ಒಬ್ಬ ಭಿಕ್ಷುಕನನ್ನೂ ಒಬ್ಬ ಕಳ್ಳನನ್ನೂ ಕಾಣಲಿಲ್ಲ" ಎಂದು ಆತ 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಹೇಳಿದ ಎಂಬ ಪೋಸ್ಟ್ ಎಷ್ಟು ಸಲ ಬಂದಿದೆಯೋ! ಆತ 1834ರ ಜೂನ್‌ನಲ್ಲಿ ಮದ್ರಾಸಿನಲ್ಲಿ ಇಳಿದು, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರಿನ ದಾರಿಯಾಗಿ ಊಟಿಗೆ ಹೋದ. ಆಮೇಲೆ ಕಲ್ಕತ್ತೆ ಸೇರಿದ. 1835ರ ಫೆಬ್ರವರಿಯಲ್ಲಿ ಆತ ಇದ್ದದ್ದು ಕಲ್ಕತ್ತೆಯಲ್ಲೇ. ಲಂಡನ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಮಾತಾಡುವುದು ಹೇಗೆ?

ಇಲ್ಲೊಂದು ಸೂಕ್ಷ್ಮವಿದೆ, ಗಮನಿಸಿ. ಆ ದಿನಾಂಕ ಸುಳ್ಳಲ್ಲ. ಶಿಕ್ಷಣದ ಕುರಿತ ಮೆಕಾಲೆಯ ಟಿಪ್ಪಣಿಗೆ ಇರುವುದು ಅದೇ ತಾರೀಖು. ಒಳ್ಳೆಯ ಯುರೋಪಿಯನ್ ಗ್ರಂಥಾಲಯದ ಒಂದು ಕಪಾಟಿನ ಅಡ್ಡಹಲಗೆಗೆ ಭಾರತ ಮತ್ತು ಅರೇಬಿಯದ ಇಡೀ ಸಾಹಿತ್ಯ ಸಮ ಎಂಬ ಉದ್ಧಟತನದ ಮಾತು ಅದರಲ್ಲಿ ನಿಜಕ್ಕೂ ಇದೆ. ಕಟ್ಟುಕಥೆ ಕಟ್ಟುವವರು ಹೀಗೆ ನಿಜದ ಗೂಟಕ್ಕೇ ಹಗ್ಗ ಕಟ್ಟುತ್ತಾರೆ. ತಾರೀಖು ಸರಿ ಇದೆ ಎಂದು ಮಾತನ್ನೂ ಒಪ್ಪಬೇಡಿ. ಮೆಕಾಲೆಯನ್ನು ಟೀಕಿಸಲು ಆ ನಿಜವಾದ ಸಾಲೇ ಸಾಕಲ್ವಾ?

ಹಂತ 4: ಹೆಸರು ಬಿಟ್ಟು, ಎಲುಬನ್ನು ಹುಡುಕಿ

ಹುಡುಕುವ ಪೆಟ್ಟಿಗೆಯಲ್ಲಿ ಗಾಂಧೀಜಿ ಹೆಸರು ಹಾಕಬೇಡಿ. ಹಾಕಿದರೆ ಗಾಂಧೀಜಿ ಹೆಸರಿರುವ ಪುಟಗಳೇ ಬರುತ್ತವೆ. ನಾಲ್ಕರಿಂದ ಆರು ಪದಗಳ ತುಂಡನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಹುಡುಕಿ. ತೀರಾ ಸಾಮಾನ್ಯ ಪದಗಳ ತುಂಡು ಬೇಡ. "ಗ್ರಾಹಕರು ಮುಖ್ಯ" ಎಂದರೆ ಸಾವಿರ ಸಿಗುತ್ತವೆ. "ನಮ್ಮ ಕೆಲಸಕ್ಕೆ ಅಡ್ಡಿಯಲ್ಲ" ಎಂಬುದರ ಇಂಗ್ಲಿಷ್ ರೂಪ ಹಾಕಿದರೆ ಬಲೆ ಬಿಗಿಯಾಗುತ್ತದೆ.

ಗೂಗಲ್ ಬುಕ್ಸ್‌ನಲ್ಲಿ ವರ್ಷದ ಮಿತಿ ಹಾಕುವ ಜಾಗವಿದೆ. ಮೊದಲು 2000ಕ್ಕಿಂತ ಹಿಂದೆ ಎಂದು ಹಾಕಿ. ಸಿಕ್ಕರೆ 1980, ಆಮೇಲೆ 1960, ಆಮೇಲೆ 1950. ಬಾವಿಗೆ ಹಗ್ಗ ಬಿಟ್ಟ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಯಬೇಕು. ಒಮ್ಮೆಗೇ ತಳಕ್ಕೆ ಹೋದರೆ ನಡುವೆ ಮಾತು ಹೇಗೆ ಬದಲಾಯಿತು ಎಂಬುದು ಕೈತಪ್ಪುತ್ತದೆ.

ಬೋರ್ಡಿನ ಮಾತು ಹೀಗೆ ಇಳಿಯುತ್ತಾ ಹೋಗಿ 1941ರಲ್ಲಿ ನಿಲ್ಲುತ್ತದೆ. ಅಮೆರಿಕದ ಜಾಹೀರಾತು ಕ್ಷೇತ್ರದ ಪತ್ರಿಕೆ 'ಪ್ರಿಂಟರ್ಸ್ ಇಂಕ್'. ಹೇಳಿದವರು ಸ್ಟುಡ್‌ಬೇಕರ್ ಕಾರು ಕಂಪನಿಯ ಮಾರಾಟ ವಿಭಾಗದ ಉಪಾಧ್ಯಕ್ಷ ಕೆನ್ನೆತ್ ಬಿ. ಎಲಿಯಟ್. ಗ್ರಾಹಕ ನಮ್ಮನ್ನು ಅವಲಂಬಿಸಿಲ್ಲ, ಕೆಲಸಕ್ಕೆ ಅಡ್ಡಿಯಲ್ಲ, ಅವನೇ ಕೆಲಸದ ಉದ್ದೇಶ ಎನ್ನುವ ಸಾಲುಗಳೆಲ್ಲ ಅಲ್ಲಿವೆ. ಈ ಜಾಡನ್ನು 'ಕ್ವೋಟ್ ಇನ್ವೆಸ್ಟಿಗೇಟರ್' ಜಾಲತಾಣ ವಿವರವಾಗಿ ಬಿಡಿಸಿಟ್ಟಿದೆ. ಅಂಥ ತಾಣ, ವಿಕಿಕೋಟ್‌ನ 'ತಪ್ಪಾಗಿ ಆರೋಪಿಸಿದ ಮಾತುಗಳು' ವಿಭಾಗ, ಎರಡನ್ನೂ ನಕ್ಷೆಯ ಹಾಗೆ ಬಳಸಿ. ಊರು ತಲುಪಬೇಕಾದವರು ನೀವೇ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ.

ಒಂದು, ಗೂಗಲ್ ಬುಕ್ಸ್ ತೋರಿಸುವ ವರ್ಷವನ್ನು ನಂಬುವುದು. ನಿಯತಕಾಲಿಕವಾದರೆ ಅದು ಎಷ್ಟೋ ಸಲ ಪತ್ರಿಕೆ ಶುರುವಾದ ವರ್ಷವನ್ನು ತೋರಿಸುತ್ತದೆ. 1910 ಎಂದು ಕಂಡದ್ದು ಒಳಗೆ 1965ರ ಸಂಚಿಕೆ ಆಗಿರಬಹುದು. ಅದೇ ಪುಸ್ತಕದೊಳಗೆ "1965", "1966" ಎಂದು ಹುಡುಕಿ ನೋಡಿ. ಮುಂದಿನ ವರ್ಷಗಳು ಸಿಕ್ಕವೋ, ತಾರೀಖು ಸುಳ್ಳು.

ಎರಡು, ಇವತ್ತಿನ ರೂಪವನ್ನೇ ಹುಡುಕಿ, ಸಿಗಲಿಲ್ಲ ಎಂದು ಬಿಡುವುದು. ಮಾತು ಬಾಯಿಂದ ಬಾಯಿಗೆ ಹೋಗುತ್ತಾ ಸವೆದು ನುಣುಪಾಗುತ್ತದೆ. "ಮೊದಲು ನಿಮ್ಮನ್ನು ಕಡೆಗಣಿಸುತ್ತಾರೆ, ಆಮೇಲೆ ನಗುತ್ತಾರೆ, ಆಮೇಲೆ ಜಗಳಕ್ಕೆ ಬರುತ್ತಾರೆ, ಆಮೇಲೆ ನೀವು ಗೆಲ್ಲುತ್ತೀರಿ" ಎಂಬುದೂ ಗಾಂಧೀಜಿ ಹೆಸರಿನಲ್ಲೇ ಓಡಾಡುತ್ತದೆ. ಇದಕ್ಕೆ ಹತ್ತಿರದ ಹಳೆಯ ರೂಪ 1918ರಲ್ಲಿ ಅಮೆರಿಕದ ಬಟ್ಟೆ ಹೊಲಿಯುವ ಕಾರ್ಮಿಕರ ಸಮ್ಮೇಳನದಲ್ಲಿ ನಿಕೊಲಸ್ ಕ್ಲೈನ್ ಮಾಡಿದ ಭಾಷಣದಲ್ಲಿದೆ. ಅಲ್ಲಿ ಕೊನೆಯಲ್ಲಿ ಗೆಲುವಿಲ್ಲ. ಸುಡಲು ಬರುತ್ತಾರೆ, ಆಮೇಲೆ ನಿಮಗೆ ಸ್ಮಾರಕ ಕಟ್ಟುತ್ತಾರೆ ಎಂದಿದೆ. "ಗೆಲ್ಲುತ್ತೀರಿ" ಎಂದು ಹುಡುಕಿದವರಿಗೆ ಇದು ಸಿಗುವುದಾದರೂ ಹೇಗೆ? ಅದಕ್ಕೇ ಎಲುಬಿನ ಎರಡು ಮೂರು ಪದಗಳನ್ನು ಬಿಡಿಬಿಡಿಯಾಗಿ ಹಾಕಿಯೂ ನೋಡಿ.

ಹಂತ 5: ಸಮಗ್ರ ಕೃತಿಯ ಬಾಗಿಲು ತಟ್ಟಿ

ಈಗ ಹೆಸರಿನ ಸರದಿ. "ಜಗತ್ತಿನಲ್ಲಿ ನೀವು ಕಾಣಬಯಸುವ ಬದಲಾವಣೆ ನೀವೇ ಆಗಿ" ಎಂಬುದು ಗಾಂಧೀಜಿಯ 100 ಸಂಪುಟಗಳಲ್ಲಿ ಈ ರೂಪದಲ್ಲಿ ಇಲ್ಲ. ಆದರೆ ಹತ್ತಿರದ್ದೊಂದು ಇದೆ. 1913ರ ಆಗಸ್ಟ್ 9ರ 'ಇಂಡಿಯನ್ ಒಪೀನಿಯನ್' ಪತ್ರಿಕೆಯ ಗುಜರಾತಿ ಲೇಖನ. ಅದು ಆರೋಗ್ಯ ಮಾಲೆಯ ಒಂದು ಕಂತು, ವಿಷಯ ಹಾವು ಕಡಿತ! ಹಾವಿನ ಬಗ್ಗೆ ಬರೆಯುತ್ತಾ, ನಾವು ಬದಲಾದರೆ ಜಗತ್ತಿನ ಒಲವೂ ಬದಲಾಗುತ್ತದೆ, ಬೇರೆಯವರು ಏನು ಮಾಡುತ್ತಾರೆ ಎಂದು ಕಾಯಬೇಕಿಲ್ಲ ಎನ್ನುತ್ತಾರೆ. ಇವತ್ತಿನ ರೂಪಕ್ಕೆ ಹತ್ತಿರದ ಮಾತು ಅಚ್ಚಾದದ್ದು 1974ರಲ್ಲಿ, ಅಮೆರಿಕದ ಶಿಕ್ಷಕಿ ಅರ್ಲೀನ್ ಲೊರೆನ್ಸ್ ಬರಹದಲ್ಲಿ. ಭಾವ ಒಬ್ಬರದ್ದು, ಮಾತು ಇನ್ನೊಬ್ಬರದ್ದು. ನನಗಂತೂ ಹಾವು ಕಡಿತದ ಲೇಖನದ ಆ ಮಾತು ಟೀಶರ್ಟ್ ಮೇಲಿನ ಸಾಲಿಗಿಂತ ಜಾಸ್ತಿ ಇಷ್ಟ.

ಒಂದು ಎಚ್ಚರಿಕೆ. ಗಾಂಧೀಜಿ ಸಮಗ್ರ ಕೃತಿಯ ಅಚ್ಚಿನ ಆವೃತ್ತಿ ಮತ್ತು ಆಮೇಲಿನ ಇ-ಆವೃತ್ತಿಯ ಸಂಪುಟ ಸಂಖ್ಯೆ ಒಂದೇ ಅಲ್ಲ. ಮೇಲಿನ ಲೇಖನ ಹಳೆಯ ಆವೃತ್ತಿಯಲ್ಲಿ 12ನೇ ಸಂಪುಟ, ಇ-ಆವೃತ್ತಿಯಲ್ಲಿ 13. ಯಾವ ಆವೃತ್ತಿ ಎಂದು ಬರೆಯದಿದ್ದರೆ ಮುಂದೆ ಹುಡುಕುವವರು ಸುಮ್ನೆ ಒದ್ದಾಡುತ್ತಾರೆ.

ಹಂತ 6: ಹಳೆಯ ಕನ್ನಡದ ಮಾತಾದರೆ ಅಂಕಿತ, ಪ್ರಾಸ, ಕಾಗುಣಿತ

ನಮ್ಮ ಕವಿಗಳು ನಮಗೆ ದೊಡ್ಡ ಉಪಕಾರ ಮಾಡಿದ್ದಾರೆ. ಪದ್ಯದೊಳಗೇ ಸಹಿ ಇಟ್ಟಿದ್ದಾರೆ. ಇದೇ ಅಂಕಿತ. ಪುರಂದರವಿಠಲ ಎಂದರೆ ಪುರಂದರದಾಸರು, ಗುಹೇಶ್ವರ ಎಂದರೆ ಅಲ್ಲಮ, ಕೂಡಲಸಂಗಮದೇವ ಎಂದರೆ ಬಸವಣ್ಣ. ಹಾಗಾಗಿ ಕನ್ನಡದ ಮಾತಿಗೆ ಮೊದಲ ಕೆಲಸ, ಇಡೀ ವಚನವನ್ನೋ ಪದವನ್ನೋ ಹುಡುಕಿ ಅಂಕಿತದವರೆಗೆ ಓದುವುದು. ಗೋಡೆ ಮೇಲೆ ಬರೆಯುವವರು ಒಂದು ಸಾಲು ಕಿತ್ತುಕೊಂಡು ಅಂಕಿತ ಬಿಡುತ್ತಾರೆ. ಆ ಖಾಲಿ ಜಾಗದಲ್ಲಿ ದೊಡ್ಡ ಹೆಸರು ಬಂದು ಕೂರುತ್ತದೆ.

ಹಿಂದೆ ಒಂದು ಸ್ಮರಣ ಸಂಚಿಕೆಯ ಕರಡು ತಿದ್ದುವಾಗ ನಾನು "ಕಾಯಕವೇ ಕೈಲಾಸ – ಬಸವಣ್ಣ" ಎಂದು ಹಾಗೇ ಬಿಟ್ಟಿದ್ದೆ. ನಿವೃತ್ತ ಮೇಷ್ಟ್ರೊಬ್ಬರು ಏನೂ ಹೇಳದೆ ಸಂಕೀರ್ಣ ವಚನ ಸಂಪುಟ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು" ಎಂದು ಶುರುವಾಗುವ ವಚನ. ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಎದುರು ನಿಂತರೂ ಹಂಗು ಹರಿಯಬೇಕು ಎಂದು ಸಾಗಿ, "ಕಾಯಕವೆ ಕೈಲಾಸವಾದ ಕಾರಣ" ಎಂದು ಅಮರೇಶ್ವರಲಿಂಗದ ಅಂಕಿತಕ್ಕೆ ಬರುತ್ತದೆ. ಅದು ಆಯ್ದಕ್ಕಿ ಮಾರಯ್ಯನ ಅಂಕಿತ. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಶರಣ. ಕಾಯಕದ ಬಗ್ಗೆ ಇಷ್ಟು ದೊಡ್ಡ ಮಾತು ಹೇಳಿದವನ ಹೆಸರನ್ನೇ ನಾವು ಅಳಿಸಿಬಿಟ್ಟಿದ್ದೆವು. ಅವತ್ತಿನಿಂದ ಅಂಕಿತ ನೋಡದೆ ನಾನು ಯಾವ ವಚನವನ್ನೂ ಮುಂದೆ ಬಿಟ್ಟಿಲ್ಲ.

ಅಂಕಿತದಲ್ಲೂ ಬಲೆಗಳಿವೆ. ಅರ್ಧ ಓದಬೇಡಿ. ಮಲ್ಲಿಕಾರ್ಜುನ ಎಂದ ಕೂಡಲೇ ಅಕ್ಕಮಹಾದೇವಿ ಎನ್ನುವಂತಿಲ್ಲ. ಚೆನ್ನಮಲ್ಲಿಕಾರ್ಜುನ ಅಕ್ಕನದ್ದು, ಕಪಿಲಸಿದ್ಧಮಲ್ಲಿಕಾರ್ಜುನ ಸಿದ್ಧರಾಮನದ್ದು, ನಿಃಕಳಂಕಮಲ್ಲಿಕಾರ್ಜುನ ಮೋಳಿಗೆ ಮಾರಯ್ಯನದ್ದು. ಆಯ್ದಕ್ಕಿ ಮಾರಯ್ಯನ ಹೆಂಡತಿ ಲಕ್ಕಮ್ಮನ ಅಂಕಿತ "ಮಾರಯ್ಯಪ್ರಿಯ ಅಮರೇಶ್ವರಲಿಂಗ". ಮೊದಲ ಪದ ಬಿಟ್ಟರೆ ಹೆಂಡತಿಯ ವಚನ ಗಂಡನದ್ದಾಗಿಬಿಡುತ್ತದೆ.

ಅಂಕಿತ ಅಂಟಿಸುವುದೂ ಸುಲಭ. ಕೊನೆಗೆ "ಸರ್ವಜ್ಞ" ಎಂದೋ "ಮಂಕುತಿಮ್ಮ" ಎಂದೋ ಸೇರಿಸಿ ಹರಿಬಿಟ್ಟ ಪದ್ಯಗಳು ಬೇಕಾದಷ್ಟಿವೆ. ಇಲ್ಲಿ ಕಿವಿ ಕೆಲಸಕ್ಕೆ ಬರುತ್ತದೆ. ಡಿವಿಜಿಯವರ ಕಗ್ಗದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಪ್ರಾಸದಲ್ಲಿರುತ್ತದೆ. ಹುಲ್ಲಾಗು, ಕಲ್ಲಾಗು, ಬೆಲ್ಲ, ಎಲ್ಲ ಎಂದು ನಾಲ್ಕು ಸಾಲು ಶುರುವಾಗುವುದು ನೆನಪಿದೆಯಲ್ಲ? ನಿಮ್ಮ ಕೈಗೆ ಬಂದ 'ಕಗ್ಗ'ದ ನಾಲ್ಕು ಸಾಲಿನ ಮೊದಲ ಪದಗಳನ್ನು ಒಂದರ ಕೆಳಗೊಂದು ಬರೆಯಿರಿ. ಪ್ರಾಸ ಕೂಡದಿದ್ದರೆ ಅನುಮಾನ ಪಡಿ. ಆಮೇಲೆ ಪುಸ್ತಕ ನೋಡಿ. 1943ರಲ್ಲಿ ಬಂದ ಮಂಕುತಿಮ್ಮನ ಕಗ್ಗದಲ್ಲಿ ಇರುವುದು 945 ಪದ್ಯ. ಒಂದು ಸಂಜೆಯಲ್ಲಿ ಕಣ್ಣಾಡಿಸಬಹುದು.

ಸರ್ವಜ್ಞನ ವಿಷಯ ಕಷ್ಟ. ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಅಚ್ಚು ಹಾಕಿಸುವ ಮೊದಲೂ ಅನಂತರವೂ ಜನರ ಬಾಯಲ್ಲಿ ತ್ರಿಪದಿಗಳು ಬೆಳೆಯುತ್ತಲೇ ಇದ್ದವು. ಉತ್ತಂಗಿಯವರ ಸಂಗ್ರಹದಲ್ಲಿ ಇದೆಯೇ, ಮೂರು ಸಾಲಿನ ತ್ರಿಪದಿಯ ಲಯ ಇದೆಯೇ ಎಂದು ನೋಡಿ. ಎರಡೂ ಇಲ್ಲದಿದ್ದರೆ ಸರ್ವಜ್ಞ ಎಂದು ಬರೆಯಬೇಡಿ.

ಕಾಗುಣಿತದ ಮಾತು ಬಹಳ ಜನರನ್ನು ಸೋಲಿಸುತ್ತದೆ. "ಕಾಯಕವೇ" ಎಂದು ದೀರ್ಘ ಹಾಕಿ ಹುಡುಕಿದರೆ ಸಿಗದು, ಸಂಪುಟದಲ್ಲಿರುವುದು "ಕಾಯಕವೆ". ಹಾಗೇ "ದಯವೇ ಧರ್ಮದ ಮೂಲ" ಅಲ್ಲಿ "ದಯವೆ". ಇವತ್ತಿನ 'ಆದರೆ' ಅಲ್ಲಿ 'ಆದಡೆ'. ಎರಡೂ ರೂಪ ಹಾಕಿ ನೋಡಿ. ಸ್ಕ್ಯಾನ್ ಆದ ಪುಸ್ತಕಗಳಲ್ಲಿ ಯಂತ್ರವು ಒತ್ತಕ್ಷರವನ್ನು ತಪ್ಪಾಗಿ ಓದಿರುತ್ತದೆ, ಹಾಗಾಗಿ ಒತ್ತಿಲ್ಲದ ಪದ ಆರಿಸಿಕೊಳ್ಳಿ.

ಹಂತ 7: ಪುಟವನ್ನು ಕಣ್ಣಾರೆ ನೋಡಿ, ಹಿಂದೆ ಮುಂದೆ ಓದಿ

ಸಾಲು ಸಿಕ್ಕ ಖುಷಿಯಲ್ಲಿ ನಿಲ್ಲಬೇಡಿ. ಅದರ ಮೇಲಿನ ಪುಟ, ಕೆಳಗಿನ ಪುಟ ಓದಿ. ಆ ಮಾತನ್ನು ಆಡುತ್ತಿರುವುದು ಯಾರು? ಲೇಖಕರೇ, ಪಾತ್ರವೇ, ಅಥವಾ ಇನ್ನೊಬ್ಬರ ನಿಲುವನ್ನು ವಿವರಿಸುವವರೇ?

"ನಿನ್ನ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಅದನ್ನು ಹೇಳುವ ನಿನ್ನ ಹಕ್ಕಿಗಾಗಿ ಪ್ರಾಣ ಕೊಟ್ಟೇನು" ವೋಲ್ಟೇರ್‌ನದ್ದಲ್ಲ. ಎವೆಲಿನ್ ಬಿಯಾಟ್ರಿಸ್ ಹಾಲ್ ಎಂಬ ಲೇಖಕಿ 1906ರಲ್ಲಿ ವೋಲ್ಟೇರ್‌ನ ಗೆಳೆಯರ ಬಗ್ಗೆ ಬರೆದ ಪುಸ್ತಕದಲ್ಲಿ ಅವನ ಧೋರಣೆ ಹೇಗಿತ್ತು ಎಂದು ವಿವರಿಸಿದ ಸಾಲು. ಅದು ತನ್ನದೇ ಮಾತು ಎಂದು ಮುಂದೆ ಆಕೆಯೇ ಹೇಳಿದರು. "ಕಣ್ಣಿಗೆ ಕಣ್ಣು ಎಂದರೆ ಎಲ್ಲರೂ ಕುರುಡರಾಗುತ್ತಾರೆ" ಎಂದು ಗಾಂಧೀಜಿ ಹೆಸರಿನಲ್ಲಿ ಓಡಾಡುವ ಮಾತನ್ನೂ ಹೀಗೇ, ಅವರ ಜೀವನಚರಿತ್ರೆಕಾರ ಲೂಯಿ ಫಿಷರ್ 1950ರಲ್ಲಿ ಸತ್ಯಾಗ್ರಹವನ್ನು ವಿವರಿಸುತ್ತಾ ತಮ್ಮ ಮಾತಿನಲ್ಲಿ ಬರೆದರು. ಜೀವನಚರಿತ್ರೆ ಬರೆದವರ ಸಾಲು ನಾಯಕನ ಬಾಯಿಗೆ ಹೋಗುವುದು ತೀರಾ ಸಾಮಾನ್ಯ.

ಅರ್ಧ ನಿಜದ ಮಾತುಗಳನ್ನು ಹಿಡಿಯುವುದೂ ಈ ಹಂತದಲ್ಲೇ. "ಅಹಿಂಸಾ ಪರಮೋ ಧರ್ಮಃ" ಮಹಾಭಾರತದಲ್ಲಿ ಹಲವು ಕಡೆ ಇದೆ. ಅದಕ್ಕೆ "ಧರ್ಮಹಿಂಸಾ ತಥೈವ ಚ" (ಧರ್ಮಕ್ಕಾಗಿ ಮಾಡುವ ಹಿಂಸೆಯೂ ಹಾಗೇ) ಎಂದು ಜೋಡಿಸಿ, ಗಾಂಧೀಜಿ ಅರ್ಧ ಮುಚ್ಚಿಟ್ಟರು ಎಂದು ಹೇಳುವುದುಂಟು. ಪುಣೆಯ ಭಂಡಾರ್ಕರ್ ಸಂಸ್ಥೆ 1933ರಿಂದ 1966ರವರೆಗೆ ಹೊರತಂದ 19 ಸಂಪುಟಗಳ, ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಪರಿಷ್ಕೃತ ಪಠ್ಯದಲ್ಲಿ ಆ ಎರಡನೇ ಅರ್ಧ ಇಲ್ಲ. ಅನುಶಾಸನ ಪರ್ವದಲ್ಲಿ ಮುಂದುವರಿಯುವುದು "ತಥಾಹಿಂಸಾ ಪರೋ ದಮಃ" ಎಂದು, ಅಂದರೆ ಅಹಿಂಸೆಯೇ ದೊಡ್ಡ ಸಂಯಮ. ಅರ್ಧ ಸಿಕ್ಕಿತು ಎಂದು ಪೂರ್ತಿಗೆ ಸಹಿ ಹಾಕಬೇಡಿ.

ಅನುಮಾನ ಪಡಬೇಕಾದ ಗುರುತುಗಳು

ಹೆಸರಿದೆ, ಪುಸ್ತಕವಿಲ್ಲ. ಹೇಳಿದವರು ತೀರಿಕೊಂಡು ಹಲವು ದಶಕವಾದ ಮೇಲೆ ಮೊದಲ ಸಲ ಕಾಣಿಸಿಕೊಂಡಿದೆ. ಒಂದೇ ಮಾತಿಗೆ ಮೂರು ನಾಲ್ಕು ಹೆಸರು. ಇವತ್ತಿನ ಜಗಳವೊಂದಕ್ಕೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತದೆ. ಹನ್ನೆರಡನೇ ಶತಮಾನದ ವಚನದಲ್ಲಿ 'ಯಶಸ್ಸು', 'ಗುರಿ', 'ಆತ್ಮವಿಶ್ವಾಸ' ಎಂದು ತರಬೇತಿ ಶಿಬಿರದ ಭಾಷೆ ಕೇಳಿಸುತ್ತದೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಹುಡುಕದೆ ಮುಂದೆ ಕಳಿಸಬೇಡಿ.

ಹಂತ 8: ಸಿಕ್ಕಿದ್ದನ್ನು ಸಿಕ್ಕಷ್ಟೇ ಬರೆಯಿರಿ

ಸಿಗಲಿಲ್ಲ ಎಂದ ಮಾತ್ರಕ್ಕೆ "ಹೇಳಲೇ ಇಲ್ಲ" ಎಂದು ಬರೆಯಬೇಡಿ. ಬಾಯಿಮಾತಲ್ಲಿ ಹೇಳಿದ್ದೆಲ್ಲ ಅಚ್ಚಾಗಿರುವುದಿಲ್ಲ. ದಿನಾಂಕವೇ ಸುಳ್ಳು ಎಂದು ಗೊತ್ತಾದಾಗ ಮಾತ್ರ ಗಟ್ಟಿಯಾಗಿ ಹೇಳಬಹುದು. ನೋಟ್‌ಬುಕ್‌ನಲ್ಲಿ, ಪೋಸ್ಟರಿನಲ್ಲಿ, ಸಂಚಿಕೆಯಲ್ಲಿ ಹೀಗೆ ಬರೆದರೆ ಸಾಕು:

ಬೋರ್ಡಿಗೆ: "ಇದುವರೆಗೆ ಸಿಕ್ಕ ಹಳೆಯ ರೂಪ: ಕೆನ್ನೆತ್ ಬಿ. ಎಲಿಯಟ್, ಪ್ರಿಂಟರ್ಸ್ ಇಂಕ್, 1941. ಗಾಂಧೀಜಿ ಹೇಳಿದ್ದಕ್ಕೆ ದಾಖಲೆ ಇಲ್ಲ."

ಬದಲಾವಣೆಯ ಮಾತಿಗೆ: "ಗಾಂಧೀಜಿಯ 1913ರ ಲೇಖನದ ಭಾವ, ಮಾತು ಅವರದ್ದಲ್ಲ."

ತ್ರಿಪದಿಗೆ: "ಸರ್ವಜ್ಞನ ಹೆಸರಿನಲ್ಲಿ ಪ್ರಚಲಿತ."

ಊರಿನ ಶಾಲೆಯ ಗೋಡೆಗೆ, ಪೇಂಟರ್ ಏಣಿ ಹತ್ತುವ ಮೊದಲೇ ಚೀಟಿಯಲ್ಲಿ ಬರೆದುಕೊಡಬೇಕಾದ್ದು: "ಕಾಯಕವೆ ಕೈಲಾಸ – ಆಯ್ದಕ್ಕಿ ಮಾರಯ್ಯ."